ಗೌರಕ್ಕ ಉಪ್ಪು ಬಿಟ್ಟ ವರ್ಷಗಳು

ಮಾನಸಿಕ ಆರೋಗ್ಯದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ಕಂಡ ಕೂಡಲೇ ಕೇಳುವುದು ಒಂದೇ ಮಾತು: "ಅಕ್ಕಾ, ನಿಮಗೆ ಪೇಷಂಟುಗಳು ಹೊಡೆದದ್ದುಂಟಾ?" ಹೊಡೆದದ್ದಿಲ್ಲ, ತಿನ್ನಿಸಿ ತಿನ್ನಿಸಿ ದಪ್ಪ ಮಾಡಿದ್ದುಂಟು. ಈಗ ನನ್ನ ಮೈಯಲ್ಲಿರುವ ಸಕ್ಕರೆ ಕಾಯಿಲೆಯಲ್ಲಿ ಅರ್ಧ ಪಾಲು ನನ್ನ ಪೇಷಂಟುಗಳ ಮನೆಯ ಹೋಳಿಗೆಯದು. ನಾನು ನರ್ಸ್ ಆಗಿ ಎಷ್ಟು ವರ್ಷ ಇದ್ದೆ, ಯಾವಾಗ ಸಂಬಳ ಏರಿತು ಎಂಬುದರಿಂದ ನಿಮಗೆ ಆಗಬೇಕಾದ್ದು ಏನೂ ಇಲ್ಲ. ಯಾರನ್ನು ನೋಡಿ ಏನು ಕಲಿತೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆ. ನಮ್ಮ ಕ್ಲಿನಿಕ್ಕಿಗೆ ಸ್ವಂತ ಕಟ್ಟಡ ಇರಲಿಲ್ಲ. ವಾರದಲ್ಲಿ ಒಂದು ದಿನ ಕುಮಟಾ, ಒಂದು ದಿನ ಹೊನ್ನಾವರ, ಒಂದು ದಿನ ಭಟ್ಕಳ. ಮೂರೂ ಕಡೆ ಬಾಡಿಗೆಯ ಕೋಣೆ. ಪ್ರಭು ಡಾಕ್ಟರು, ನಾನು, ಔಷಧಿಯ ತಗಡಿನ ಪೆಟ್ಟಿಗೆ, ಮೂವರೂ ಬಸ್ಸಿನಲ್ಲೇ ಓಡಾಡುತ್ತಿದ್ದೆವು. ಪೆಟ್ಟಿಗೆ ನೋಡಿ ನಮ್ಮನ್ನು ಬಳೆ ಮಾರುವವರು ಎಂದುಕೊಂಡವರೂ ಇದ್ದರು. ಡಾಕ್ಟರು ಅದನ್ನು ತಿದ್ದುತ್ತಿರಲಿಲ್ಲ. "ಹುಚ್ಚಿನ ಡಾಕ್ಟ್ರು ಅನ್ನೂದಕ್ಕಿಂತ ಬಳೆಗಾರ ಅನ್ನೂದು ಮರ್ಯಾದೆ" ಎನ್ನುತ್ತಿದ್ದರು.

ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಫ್ಯಾನಿನ ಮೇಲೆ, ಬಸ್ಸಿನ ಮೇಲೆ, ನನ್ನ ಮೇಲೆ ಸಿಡುಕುತ್ತಿದ್ದರು. ಪೇಷಂಟು ಎದುರು ಕೂತರೆ ಮಾತ್ರ ಬೇರೆಯೇ ಮನುಷ್ಯ. "ಮನಸ್ಸು ಹೇಗಿದೆ" ಎಂದು ಅವರು ಕೇಳಿದ್ದನ್ನು ನಾನು ಕೇಳಿಲ್ಲ. ಹಾಗೆ ಕೇಳಿದರೆ ನಮ್ಮ ಕಡೆಯವರು "ಅಡ್ಡಿಲ್ಲ" ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ನಿದ್ರೆ ಎಷ್ಟಾಗುತ್ತದೆ, ಮಾತು ಹೆಚ್ಚಾಗಿದೆಯಾ, ಹೊಸದಾಗಿ ಏನು ಕೆಲಸ ಹಿಡಿದಿದ್ದಾರೆ ಎಂಬುದನ್ನು ಪೇಷಂಟಿನ ಹತ್ತಿರ ಅರ್ಧ, ಮನೆಯವರ ಹತ್ತಿರ ಅರ್ಧ ಕೇಳುತ್ತಿದ್ದರು. ಅವರಂಥ ಕೇಳುವ ಕಿವಿ ಆಮೇಲೆ ನನಗೆ ಸಿಗಲಿಲ್ಲ.

ನಾನು ಹೇಳಹೊರಟದ್ದು ಬೈಪೋಲಾರ್ ಎಂಬ ಕಾಯಿಲೆಯ ಸೌಮ್ಯ ರೂಪದ ವಿಷಯ. ಇವರು ಬಟ್ಟೆ ಹರಿದುಕೊಂಡು ಬೀದಿಗೆ ಬರುವವರಲ್ಲ. ಕೆಲವು ಕಾಲ ಮೈಯಲ್ಲಿ ಹುರುಪು ಏರುತ್ತದೆ, ನಿದ್ರೆ ಬೇಡವಾಗುತ್ತದೆ, ಎಲ್ಲ ಕೆಲಸವೂ ಸುಲಭ ಅನ್ನಿಸುತ್ತದೆ. ಆಮೇಲೆ ಇಳಿಯುತ್ತದೆ. ಆಗ ಹಾಸಿಗೆಯಿಂದ ಎದ್ದು ಮುಖ ತೊಳೆಯುವುದೂ ದೊಡ್ಡ ಕೆಲಸ. ಊರಿನವರು ಏರಿದಾಗ "ಭಾರೀ ಚುರುಕು" ಎಂದು ಹೊಗಳುತ್ತಾರೆ, ಇಳಿದಾಗ "ಸೋಮಾರಿ" ಎಂದು ಬೈಯುತ್ತಾರೆ. ಎರಡೂ ಒಂದೇ ಕಾಯಿಲೆ ಎಂದು ಯಾರಿಗೂ ಹೊಳೆಯುವುದಿಲ್ಲ. ನಮಗೂ ಮೊದಮೊದಲು ಹೊಳೆಯುತ್ತಿರಲಿಲ್ಲ.

ನಮಗೆ ಅದನ್ನು ಕಲಿಸಿದವಳು ಮಾವಳ್ಳಿಯ ಮಾಸ್ತಮ್ಮ. ಮೀನು ಮಾರುವ ಹೆಂಗಸು. ಮಂಕಾಗಿ ಬಂದಳು, ಮಂಕು ಬಿಡಿಸುವ ಗುಳಿಗೆಯನ್ನಷ್ಟೇ ಕೊಟ್ಟೆವು. ಕೆಲವು ವಾರ ಕಳೆದು ಬಂದವಳ ದನಿ ರಸ್ತೆಯಿಂದಲೇ ಕೇಳುತ್ತಿತ್ತು. ನಿದ್ರೆ ಇಲ್ಲ, ಮೂರು ಊರಿನ ಗಿರಾಕಿ ತನಗೇ ಬೇಕು ಎಂದು ದಡದಲ್ಲಿ ಒಂದಿಡೀ ದೋಣಿಯ ಮೀನನ್ನು ಒಬ್ಬಳೇ ಹರಾಜಿನಲ್ಲಿ ಹಿಡಿದಿದ್ದಳು. ಮೀನು ಕೊಳೆಯಿತು, ಅವಳು ಮಾತ್ರ ನಗುತ್ತಲೇ ಇದ್ದಳು. ನಾವು ಕೊಟ್ಟ ಗುಳಿಗೆಯೇ ಅವಳನ್ನು ಮೇಲೇರಿಸಿತ್ತು. ಡಾಕ್ಟರು ಔಷಧಿ ಬದಲಾಯಿಸಿದರು, ಅವಳೂ ಸುಧಾರಿಸಿದಳು. ಅವತ್ತಿನಿಂದ ಮಂಕಾಗಿ ಬಂದ ಯಾರನ್ನೂ ಒಂದು ಪ್ರಶ್ನೆ ಕೇಳದೆ ನಾವು ಬಿಡಲಿಲ್ಲ: "ಬೇಕಾದ್ದಕ್ಕಿಂತ ಹೆಚ್ಚು ಖುಷಿಯಾಗಿ ಇದ್ದ ಕಾಲ ಉಂಟಾ?" ಇದನ್ನು ಕೇಳಿ ಮಾಸ್ತಮ್ಮನೇ ನಕ್ಕಿದ್ದಳು. "ಖುಷಿ ಆಗಿದ್ರೂ ನಿಮ್ಗೆ ಕಾಯ್ಲೆಯಾ? ಹಂಗಾರೆ ನಮ್ಮೂರಲ್ಲಿ ಯಾರಿಗೂ ಕಾಯ್ಲೆ ಇಲ್ಲ ಬಿಡಿ" ಎಂದಳು.

ಆ ಪ್ರಶ್ನೆ ಇರದಿದ್ದರೆ ಶಂಭಣ್ಣ ನಮ್ಮ ಕೈಗೆ ಸಿಗುತ್ತಿರಲಿಲ್ಲ.

ಹಳದೀಪುರದ ಶಂಭು ಭಟ್ಟರು ಮದುವೆ ಅಡುಗೆಯವರು. ಕುಮಟಾದಿಂದ ಹೊನ್ನಾವರದವರೆಗೆ ಅಡುಗೆ ಶಂಭಣ್ಣ ಎಂದರೆ ಸಾಕು, ಅವರು ಒಪ್ಪಿದ ಮೇಲೆ ಮದುವೆಯ ದಿನ ಗೊತ್ತುಮಾಡುವ ಮನೆಗಳೂ ಇದ್ದವು. ಒಂದು ಮಳೆಗಾಲದಲ್ಲಿ ಹೆಂಡತಿ ಗೌರಕ್ಕ ಅವರನ್ನು ಹೊನ್ನಾವರದ ಕೋಣೆಗೆ ಕರೆತಂದರು. ಮೈಕೈ ನೋವು, ಊಟ ಸೇರುವುದಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದವರು ಏಳುವುದಿಲ್ಲ. ಸೀಸನ್ ಮುಗಿದ ಮೇಲೆ ಎಲ್ಲ ಅಡುಗೆಯವರಿಗೂ ಸುಸ್ತು ಇರುತ್ತದೆ ಎಂದು ಊರಿನವರು ಸಮಾಧಾನ ಹೇಳಿದ್ದರಂತೆ.

ಡಾಕ್ಟರು ಆ ಪ್ರಶ್ನೆ ಕೇಳಿದರು. ಗೌರಕ್ಕನ ಮುಖದಲ್ಲಿ ನಗು ಬಂತು, ಹಾಗೇ ಹೋಯಿತು.

"ಮದ್ವೆ ಸೀಸನ್ನಲ್ಲಿ ಇವ್ರನ್ನ ನೋಡ್ಬೇಕಾಗಿತ್ತು ಡಾಕ್ಟ್ರೇ. ಒಂದೇ ದಿನ ಮೂರು ಮದ್ವೆ ಒಪ್ಕಂಡ್ರು. ಕರ್ಕೀಲಿ ಒಂದು, ನಮ್ಮೂರಲ್ಲಿ ಒಂದು, ಕುಮಟಾದಲ್ಲಿ ಒಂದು. ಮೋಟಾರ್ ಸೈಕಲ್ ಹಿಂದೆ ಕೂತು ಮೂರು ಒಲೆಗೂ ಓಡಿದ್ರು. ನಿದ್ದೆ ಇಲ್ಲ, ದಣಿವಿಲ್ಲ. ಬಡಿಸೂವಾಗ ಪದ್ಯ ಬೇರೆ."

"ಊಟ ಹೇಗಿತ್ತು?"

"ಅದ್ಭುತ. ಮೂರೂ ಕಡೆ. ಅದೇ ತೊಂದ್ರೆ."

ಅಡುಗೆ ಕೆಟ್ಟಿದ್ದರೆ ಯಾರಾದರೂ ತಡೆಯುತ್ತಿದ್ದರು, ಕೆಡಲಿಲ್ಲವಾದ್ದರಿಂದ ಯಾರೂ ತಡೆಯಲಿಲ್ಲ ಎಂಬುದು ಗೌರಕ್ಕನ ಮಾತಿನ ಅರ್ಥ. ಪ್ರತಿ ವರ್ಷ ಏರುವುದು ಸ್ವಲ್ಪ ಹೆಚ್ಚು, ಬೀಳುವುದೂ ಸ್ವಲ್ಪ ಹೆಚ್ಚು ಆಗುತ್ತಿತ್ತು. ಹೋದ ಮಳೆಗಾಲದಲ್ಲಿ ಅವರು ಬಾವಿಕಟ್ಟೆಯ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದನ್ನು ಕಂಡಾಗಿನಿಂದ ಗೌರಕ್ಕನಿಗೆ ಸರಿಯಾಗಿ ನಿದ್ರೆ ಬಂದಿರಲಿಲ್ಲ. ಇದನ್ನು ಹೇಳುವಾಗ ಅವರ ದನಿ ಬಹಳ ಸಣ್ಣದಾಯಿತು.

ಡಾಕ್ಟರು ಲಿಥಿಯಂ ಶುರುಮಾಡಿದರು. "ಇದೂ ಒಂದು ಜಾತಿಯ ಉಪ್ಪೇ" ಎಂದು ತಿಳಿಸಿಹೇಳಿದರು. "ಊಟದ ಉಪ್ಪು ಕಡಿಮೆಯಾದ್ರೆ ದೇಹ ಈ ಉಪ್ಪನ್ನ ಹೊರಗೆ ಬಿಡೂದಿಲ್ಲ, ಒಳಗೇ ಹಿಡಿದಿಟ್ಕೊಳ್ತದೆ. ಆಗ ಔಷಧಿಯೇ ವಿಷ. ಅದಕ್ಕೆ ಉಪ್ಪಿನ ಪಥ್ಯ ಮಾಡ್ಬೇಡಿ. ನೀರು ಚೆನ್ನಾಗಿ ಕುಡೀರಿ." ನಮ್ಮ ಕಡೆ ಗುಳಿಗೆ ಎಂದರೆ ಜೊತೆಗೆ ಪಥ್ಯ ಇದ್ದೇ ಇರುತ್ತದೆ. ಪಥ್ಯ ಹೇಳದ ಡಾಕ್ಟರಿಗೆ ವಿದ್ಯೆ ಕಡಿಮೆ ಎಂದೇ ಲೆಕ್ಕ. ಹಾಗಾಗಿ ನಾನು ಇನ್ನೊಮ್ಮೆ ಹೇಳಿದೆ. ಗೌರಕ್ಕ ತಲೆಯಾಡಿಸಿದರು. ಗಂಡನಿಗೆ ಅವರು ಪಥ್ಯ ಮಾಡಿಸಲೂ ಇಲ್ಲ.

ಚಳಿಗಾಲಕ್ಕೆ ಶಂಭಣ್ಣ ಎದ್ದು ಕೂತರು. ಆದರೆ ಹೊಸ ತಕರಾರು ತಂದರು. ಕೈ ಬಹಳ ಸಣ್ಣಗೆ ನಡುಗುತ್ತಿತ್ತು. ಈ ಗುಳಿಗೆಯಿಂದ ಕೆಲವರಿಗೆ ಹಾಗಾಗುತ್ತದೆ. ಬೇರೆಯವರಾದರೆ ಅಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಶಂಭಣ್ಣನದು ಉಪ್ಪು ಹಾಕುವ ಕೈ. ನೈವೇದ್ಯಕ್ಕೆ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ನೂರಾರು ಜನರ ಹುಳಿಗೆ ಕೈಯ ಅಂದಾಜಿನಲ್ಲೇ ಉಪ್ಪು ಬೀಳಬೇಕು. ಅವರು ಕೈಯನ್ನು ಮೇಜಿನ ಮೇಲೆ ಚಾಚಿ, "ಈ ಕೈ ಹೋದ್ರೆ ನಾ ಎಂತ ಮಾಡೂದು ಡಾಕ್ಟ್ರೇ? ಇದು ಬಿಟ್ರೆ ನನ್ನ ಹತ್ರ ಬೇರೆ ಎಂತ ಉಂಟು?" ಎಂದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಗುಳಿಗೆಯನ್ನು ಸ್ವಲ್ಪ ಇಳಿಸಿದರು. ಶಂಭಣ್ಣನೂ ತಮ್ಮ ಹಟದಿಂದ ಸ್ವಲ್ಪ ಇಳಿದರು: ಹುಟ್ಟಿದಾಗಿನಿಂದ ಅಳತೆ ಮುಟ್ಟದವರು ಒಂದು ತೆಂಗಿನ ಕರಟವನ್ನು ನುಣ್ಣಗೆ ಕೆರೆದು ಉಪ್ಪಿನ ಅಳತೆ ಮಾಡಿಕೊಂಡರು. ದೊಡ್ಡ ಹೆಸರಿನ ಅಡುಗೆಯವರು ಸಹಾಯಕರ ಎದುರು ಕರಟ ಹಿಡಿಯಬೇಕಾದರೆ ಎಷ್ಟು ಗಟ್ಟಿ ಮನಸ್ಸು ಬೇಕು ಎಂದು ನನಗೆ ಆಗ ತಿಳಿದಿರಲಿಲ್ಲ, ಈಗ ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಆ ಸೀಸನ್ ಚೆನ್ನಾಗಿ ಹೋಯಿತು. ಮತ್ತೆ ಮಳೆ ಹಿಡಿಯಿತು. ಶಂಭಣ್ಣ ಕೆಲಸವಿಲ್ಲದೆ ಮನೆಯಲ್ಲಿದ್ದರು.

ಒಂದು ದಿನ ಹೊನ್ನಾವರದ ಕೋಣೆಯಲ್ಲಿ ನಾವಿದ್ದಾಗ ಬಸ್ ಸ್ಟ್ಯಾಂಡಿನ ಕಡೆಯಿಂದ ಗೌರಕ್ಕನೂ ಇನ್ನೊಬ್ಬರೂ ಅವರನ್ನು ತೋಳು ಹಿಡಿದು ತಂದರು. ಕಾಲು ಎಲ್ಲೋ ಬೀಳುತ್ತಿತ್ತು, ನಾಲಗೆ ತೊದಲುತ್ತಿತ್ತು, ಕೈ ಈಗ ಸಣ್ಣಗಲ್ಲ, ದೊಡ್ಡದಾಗಿಯೇ ನಡುಗುತ್ತಿತ್ತು. ದಾರಿಯಲ್ಲಿ ವಾಂತಿ. ಕುಡಿದಿದ್ದಾರೆ ಎಂದು ಕಂಡಕ್ಟರು ಇಳಿಸಹೊರಟಿದ್ದನಂತೆ. ಗೌರಕ್ಕ ಬಾಗಿಲಿಗೆ ಅಡ್ಡ ನಿಂತು, "ಇವ್ರನ್ನ ಇಳಿಸೂದಾದ್ರೆ ನನ್ನ ಮೊದ್ಲು ಇಳಿಸು" ಎಂದರಂತೆ.

ಡಾಕ್ಟರಿಗೆ ನೋಡಿದ ಕೂಡಲೇ ಗೊತ್ತಾಯಿತು, ಲಿಥಿಯಂ ಮೈಯಲ್ಲಿ ಏರಿದೆ. ಗುಳಿಗೆ ನಿಲ್ಲಿಸಿ, ಪಕ್ಕದ ನರ್ಸಿಂಗ್ ಹೋಮಿನಲ್ಲಿ ಮಲಗಿಸಿ, ಡ್ರಿಪ್ ಹಾಕಿಸಿದರು. ರಕ್ತದ ಸೀಸೆಯನ್ನು ಐಸ್ ತುಂಬಿದ ಥರ್ಮಾಸಿನಲ್ಲಿಟ್ಟು ಮಂಗಳೂರು ಬಸ್ಸಿನ ಡ್ರೈವರ್ ಕೈಗೆ ಕೊಟ್ಟೆವು. ಆಗ ಪರೀಕ್ಷೆ ಅಲ್ಲೇ ಆಗಬೇಕಿತ್ತು. ಆದರೆ ಏರಿದ್ದು ಯಾಕೆ? ಹೆಚ್ಚು ಗುಳಿಗೆ ನುಂಗಿಲ್ಲ, ಗೌರಕ್ಕನೇ ಕೊಡುವುದು. ಜ್ವರ ಇಲ್ಲ, ಭೇದಿ ಇಲ್ಲ, ಬೇರೆ ಔಷಧಿ ಇಲ್ಲ. ಡಾಕ್ಟರು ಕಾರಣ ಹುಡುಕುತ್ತ ಕಾರಿಡಾರಿನಲ್ಲಿ ಓಡಾಡುತ್ತಿದ್ದರು.

ಮಧ್ಯಾಹ್ನ ಆಗಿತ್ತು. ಗೌರಕ್ಕ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನಾನು ಡಬ್ಬಿ ಬಿಚ್ಚಿ, ಮುಚ್ಚಳದಲ್ಲಿ ಮೊಸರನ್ನ ಹಾಕಿ, ಪಕ್ಕದಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಇಟ್ಟು ಕೊಟ್ಟೆ. ಅವರು ಕೈ ಹಿಂದಕ್ಕೆ ತೆಗೆದರು.

"ಬೇಡ ಸಿಸ್ಟರ್. ನಂಗೆ ಉಪ್ಪಿಲ್ಲೆ."

"ಉಪ್ಪಿಲ್ಲ ಅಂದ್ರೆ?"

"ಹರಕೆ ಇದ್ದು. ಮಳೆ ಶುರುವಾದಾಗ ಇವ್ರು ಮತ್ತೆ ಸ್ವಲ್ಪ ಮಂಕಾದ ಹಾಗೆ ಕಂಡ್ತು. ಇವ್ರಿಗೆ ಗುಣ ಆಗೂವರೆಗೆ ನಾ ಉಪ್ಪು ಮುಟ್ಟೂದಿಲ್ಲ ಅಂತ ದೇವ್ರಿಗೆ ಹೇಳ್ಕಂಡೆ." ಗಾಬರಿಯಿಂದ ಸೇರಿಸಿದರು, "ಇವ್ರಿಗೆ ಸಪ್ಪೆ ಹಾಕ್ಲಿಲ್ಲ. ನೀವು ಹೇಳಿದ್ದು ನೆನಪಿತ್ತು. ನನ್ನ ಪಾಲು ಬೇರೆ ಪಾತ್ರೇಲಿ ತೆಗೆದಿಟ್ಟು, ಇವ್ರ ಪಾಲಿಗೆ ಉಪ್ಪು ಹಾಕ್ತಿದ್ದೆ."

ಡಬ್ಬಿ ಅಲ್ಲೇ ಬಿಟ್ಟು ನಾನು ಡಾಕ್ಟರನ್ನು ಕರೆದೆ. ಡ್ರಿಪ್ ಏರಿ ಶಂಭಣ್ಣನ ನಾಲಗೆ ಅಷ್ಟಿಷ್ಟು ತಿರುಗುತ್ತಿತ್ತು. ಊಟ ಯಾವ ಪಾತ್ರೆಯದು ಎಂದು ಡಾಕ್ಟರು ಕೇಳಿದರು. ಶಂಭಣ್ಣ ಹೆಂಡತಿಯ ಮುಖ ನೋಡಲಿಲ್ಲ, ಫ್ಯಾನ್ ನೋಡುತ್ತ ಹೇಳಿದರು.

"ನಾ ಅಡುಗೆಯಂವ. ಗೌರಿ ಉಪ್ಪು ಬಿಟ್ಟದ್ದು ಹುಳಿಯ ಪರಿಮಳದಲ್ಲೇ ಗೊತ್ತಾತು. ಗೌರಿ ನನ್ನ ಸಲುವಾಗಿ ಸಪ್ಪೆ ಉಣ್ತು, ನಾ ಉಪ್ಪು ಹಾಕ್ಕಂಡು ಹ್ಯಾಂಗೆ ಉಂಬೂದು? ಗೌರಿ ನೀರಿಗೆ ಹೋದಾಗ ಅದರ ಪಾತ್ರೆಯಿಂದ ಬಡಿಸ್ಕಂಡು ಉಂಡೆ. ಉಪ್ಪಿನದನ್ನ ದನಕ್ಕೆ ಹಾಕ್ದೆ."

ಗೌರಕ್ಕ ಗೋಡೆಗೆ ಒರಗಿ ಕೂತುಬಿಟ್ಟರು. ಒಬ್ಬರಿಗೊಬ್ಬರು ಬಾಯಿಬಿಡದೆ ಇಬ್ಬರೂ ಒಂದೇ ಹರಕೆ ನಡೆಸಿದ್ದರು. ನನಗೆ ಅಳು ಬಂತು, ಡಾಕ್ಟರು ಬೈಯುತ್ತಾರೆ ಎಂದು ತಡೆದುಕೊಂಡೆ. ಅವರು ಯಾರನ್ನೂ ಬೈಯಲಿಲ್ಲ. ಹೊರಗೆ ಬಂದು ಕನ್ನಡಕ ಒರೆಸುತ್ತ, "ಪೇಷಂಟು ಉಪ್ಪು ಬಿಡಬಾರದು ಅಂತ ಪುಸ್ತಕದಲ್ಲಿ ಉಂಟು ಲಲಿತಾ. ಹೆಂಡತಿ ಬಿಟ್ರೂ ಗಂಡನಿಗೆ ವಿಷ ಏರ್ತದೆ ಅಂತ ಎಲ್ಲೂ ಬರೀಲಿಲ್ಲ" ಎಂದರು.

ಕೆಲವು ದಿನಗಳಲ್ಲಿ ಶಂಭಣ್ಣ ಚೇತರಿಸಿಕೊಂಡರು. ಆದರೆ ಗಂಟು ಬಿಚ್ಚಲಿಲ್ಲ. ಗುಳಿಗೆ ಇಲ್ಲದಿದ್ದರೆ ಮತ್ತೆ ಆ ಬಾವಿಕಟ್ಟೆಯ ಭಯ. ಗುಳಿಗೆ ಕೊಡಬೇಕಾದರೆ ಅವರು ಉಪ್ಪು ತಿನ್ನಬೇಕು. ಗೌರಿ ತಿಂದರೆ ತಾನು ತಿನ್ನುತ್ತೇನೆ ಎಂದು ಅವರ ಹಟ. ಗುಣವಾಗದೆ ಹರಕೆ ಮುರಿಯುವುದಿಲ್ಲ ಎಂದು ಗೌರಕ್ಕನದು. ಬಿಡುಗಡೆಯ ದಿನ ಗೌರಕ್ಕ ಡಾಕ್ಟರ ಎದುರು ಕೈ ಮುಗಿದು ನಿಂತರು.

"ಗುಣ ಆತು ಅಂತ ನಿಮ್ಮ ಬಾಯಲ್ಲಿ ಒಂದು ಮಾತು ಹೇಳಿ. ಇವತ್ತೇ ಉಪ್ಪು ತಿಂತೆ."

ಹೇಳಿಬಿಡಬಾರದೇ ಎಂದು ನಾನು ಅವರ ಮುಖ ನೋಡಿದೆ. ಒಂದು ಮಾತು, ಎರಡು ಜೀವಕ್ಕೆ ನೆಮ್ಮದಿ. ಡಾಕ್ಟರು ಹೇಳಲಿಲ್ಲ.

"ಈ ಕಾಯಿಲೆ ಪೂರ್ತಿ ಹೋಗ್ತದೆ ಅಂತ ನಾನು ಹೇಳೂದಿಲ್ಲಮ್ಮ. ಹೇಳಿದ್ರೆ ನೀವು ನಾಳೆ ಗುಳಿಗೆ ನಿಲ್ಲಿಸ್ತೀರಿ. ಒಲೆ ಇದ್ದ ಮೇಲೆ ಉರಿ ನೋಡ್ತಾ ಇರ್ಬೇಕು. ಉರಿ ಜೋರಾದ್ರೆ ಸೌದೆ ಎಳೀಬೇಕು. ಅಷ್ಟು ಮಾಡಿಕೊಂಡು ಇವರು ಎಲ್ಲರ ಹಾಗೆ ಬದುಕಬಹುದು."

ಅವತ್ತು ಡಾಕ್ಟರ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಶಂಭಣ್ಣನಿಗೆ ಮಾತ್ರ ಒಲೆಯ ಮಾತು ತಾಗಿತು. ಗೌರಕ್ಕ ಅವರತ್ತ ತಿರುಗಿ, "ನಿಮ್ಗೆ ಎಂತಾದ್ರೂ ಆದ್ರೆ ನನ್ನ ಹರಕೆಗೆ ಅರ್ಥ ಎಂತ ಇದ್ದು? ಉಪ್ಪು ತಿಂದೇ ನನ್ನ ಹರಕೆ ಉಳಿಸಿ" ಎಂದರು. ನರ್ಸಿಂಗ್ ಹೋಮಿನ ಗಂಜಿಗೆ ಅವರೇ ಉಪ್ಪು ಹಾಕಿ ಕಲಸಿ ಮುಂದಿಟ್ಟರು. ಶಂಭಣ್ಣ ಕಣ್ಣೊರೆಸಿಕೊಳ್ಳುತ್ತ ಉಂಡರು. ಗೌರಕ್ಕ ಪಕ್ಕದಲ್ಲಿ ಕೂತು ಸಪ್ಪೆ ಗಂಜಿ ಕುಡಿದರು.

ಇದಾದ ಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಹೊಸ ಪೇಷಂಟು ಬಂದರೆ ಹರಕೆ, ವ್ರತ, ಉಪವಾಸ ಕೇಳುವುದು ನನ್ನ ಪಾಲಿಗೆ ಬಂತು. ಪೇಷಂಟಿನದು ಮಾತ್ರ ಅಲ್ಲ, ಮನೆಯಲ್ಲಿ ಯಾರದ್ದಾದರೂ. ಭಟ್ಕಳದಲ್ಲಿ ಹಸನ್ ಸಾಹೇಬರು ಎಂಬ ಟೈಲರ್ ಇದೇ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ರಂಜಾನಿಗೆ ಮೊದಲೇ ಡಾಕ್ಟರು ಅವರನ್ನು ಕರೆಸಿ, ದಿನವಿಡೀ ನೀರು ಕುಡಿಯದಿದ್ದರೆ ಆಗಬಹುದಾದ್ದನ್ನು ಹೇಳಿದರು. "ರೋಜಾನೂ ಬಿಡೂದಿಲ್ಲ, ಗುಳಿಗೆನೂ ಬಿಡೂದಿಲ್ಲ. ಎರಡಕ್ಕೂ ದಾರಿ ನೀವೇ ಹೇಳಿ" ಎಂದರು ಸಾಹೇಬರು. ಡಾಕ್ಟರು ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ಗುಳಿಗೆಯ ಹೊತ್ತನ್ನು ಉಪವಾಸ ಬಿಟ್ಟ ಮೇಲಕ್ಕೆ ಹಾಕಿ, ನೀರಿನ ಲೆಕ್ಕ ಹೇಳಿ, ಕೈ ನಡುಗಿದರೆ ಕೂಡಲೇ ಬರಬೇಕು ಎಂದು ಮಾತು ತೆಗೆದುಕೊಂಡರು. ಆ ಮನುಷ್ಯ ಕೊಟ್ಟ ಮಾತನ್ನು ಚಾಚೂ ತಪ್ಪದೆ ನಡೆಸಿದರು.

ಹುರುಪು ಏರುವುದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಮೊದಲ ಗುರುತು ಇರುತ್ತದೆ, ಅದನ್ನು ಮನೆಯವರ ಜೊತೆ ಸೇರಿ ಹುಡುಕತೊಡಗಿದೆವು. ಹಸನ್ ಸಾಹೇಬರು ಗಿರಾಕಿಗಳ ಬಟ್ಟೆಗೂ ಅತ್ತರ್ ಹಚ್ಚತೊಡಗಿದರೆ ಅವರ ಹೆಂಡತಿ ನಮಗೆ ಹೇಳಿಕಳಿಸುತ್ತಿದ್ದರು. ಮಾಸ್ತಮ್ಮನದು ದನಿ. ಶಂಭಣ್ಣನದು ಮೂರನೆಯ ಮದುವೆ. ಒಂದೇ ದಿನಕ್ಕೆ ಎರಡು ಒಪ್ಪಿದರೆ ಅವರು ಅವರೇ, ಮೂರು ಒಪ್ಪಿದರೆ ಅದು ಕಾಯಿಲೆ. ಪ್ರತಿ ಸೀಸನ್ನಿಗೂ ಒಂದು ಸಲವಾದರೂ ಅವರು ಮೂರನೆಯದನ್ನು ಒಪ್ಪುತ್ತಿದ್ದರು. ಗೌರಕ್ಕ ಮಾರನೆಯ ದಿನವೇ ಬಸ್ಸು ಹತ್ತುತ್ತಿದ್ದರು. ಡಾಕ್ಟರು ಔಷಧಿ ಸರಿಮಾಡುತ್ತಿದ್ದರು, ಗೌರಕ್ಕ ಹೋಗಿ ಆ ಮದುವೆ ಮನೆಯವರ ಕಾಲು ಹಿಡಿದು ಬಿಡಿಸಿಕೊಳ್ಳುತ್ತಿದ್ದರು. ಒಲೆಯಿಂದ ಸೌದೆ ಎಳೆಯುವ ಕೆಲಸ ಅವರ ಪಾಲಿಗೇ ಬಂದಿತ್ತು. ಶಂಭಣ್ಣ ಹಾಸಿಗೆ ಹಿಡಿಯುವುದು ಮಾತ್ರ ನಿಂತುಹೋಯಿತು. ವರ್ಷಗಳು ಹೀಗೇ ಹೋದವು, ಗೌರಕ್ಕ ಸಪ್ಪೆ ಉಣ್ಣುತ್ತಲೇ ಇದ್ದರು. ಉಪ್ಪಿಗಿಂತ ರುಚಿ ಬೇರೆ ಇಲ್ಲ ಎನ್ನುತ್ತಾರೆ. ಊರಿಗೆಲ್ಲ ಆ ರುಚಿ ಬಡಿಸುವ ಮನೆಯ ಹೆಂಗಸು ಸಪ್ಪೆ ಅನ್ನಕ್ಕೆ ಸಪ್ಪೆ ಮಜ್ಜಿಗೆ ಕಲಸುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಂದು ದಿನವೂ ಅದನ್ನು ದೊಡ್ಡ ವಿಷಯ ಮಾಡಿದವರಲ್ಲ.

ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಬೇಸಿಗೆಯ ಒಂದು ಮಧ್ಯಾಹ್ನ ಹೊನ್ನಾವರದ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಕೂತಿದ್ದೆ. ಗೌರಕ್ಕ ಒಬ್ಬರೇ ಬಂದರು. ಸೀಸನ್ನಿನಲ್ಲಿ ಅವರು ಒಬ್ಬರೇ ಬಂದರೆ ಅದು ಒಳ್ಳೆಯ ಸುದ್ದಿಯಲ್ಲ.

"ಎಂತ ಆತು? ಮೂರನೇದು ಒಪ್ಕಂಡ್ರಾ?"

ಅವರು ನನ್ನ ಪಕ್ಕದ ಬೆಂಚಿನಲ್ಲಿ ಕೂತು ಸೆರಗಿನಿಂದ ಬೆವರು ಒರೆಸಿಕೊಂಡರು.

"ನಿನ್ನೆ ಕರ್ಕಿಯಿಂದ ದೊಡ್ಡ ಮನೆಯವ್ರು ಬಂದಿದ್ರು. ಅವ್ರ ಮದ್ವೆ ದಿನಕ್ಕೆ ಇವ್ರಿಗೆ ಆಗ್ಲೇ ಎರಡು ಮದ್ವೆ ಇದ್ದು. ನೀವೇ ಆಗ್ಬೇಕು, ಬೇರೆ ಯಾರೂ ಬೇಡ ಅಂತ ಕೂತ್ರು. ಹೊಗಳಿದ್ರು, ಹೊಗಳಿದ್ರು. ನಾ ಒಳಗೆ ನಿಂತು ಕೇಳ್ತಾ ಇದ್ದೆ. ಇವ್ರು ಎಲೆ ಅಡಿಕೆ ತಟ್ಟೆ ಅವ್ರ ಮುಂದೆ ಸರಿಸಿದ್ರು. ಆಮೇಲೆ, ಇಲ್ಲೆ, ನನ್ನ ಹತ್ರ ಆಗ್ತಿಲ್ಲೆ, ಮೂರು ಒಲೆಯ ಉರಿ ನಂಗೆ ಆಗ್ಬರ್ತಿಲ್ಲೆ ಅಂದ್ರು. ಅವ್ರನ್ನ ಬಾಗ್ಲವರೆಗೆ ಕಳ್ಸಿ, ಒಳಗೆ ಬಂದು, ನೀರು ಕೊಡು ಅಂದ್ರು. ಅಷ್ಟೇ."

ನಾನು ತುತ್ತು ಕೈಯಲ್ಲೇ ಹಿಡಿದು ಕೂತಿದ್ದೆ. ಪ್ರಭು ಡಾಕ್ಟರು ಒಳಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ಗೌರಕ್ಕ ಅವರನ್ನು ನೋಡಿ ಎದ್ದರು.

"ಗುಳಿಗೆ ನಿಲ್ಸೂದಿಲ್ಲ ಡಾಕ್ಟ್ರೇ, ಹೆದರ್ಬೇಡಿ. ಮುಂದಿನ ತಿಂಗಳದ್ದು ಬರ್ಕೊಡಿ. ಗುಣ ಆಗೂವರೆಗೆ ಅಂತ ದೇವ್ರಿಗೆ ಹೇಳಿದ್ದು ನಾನು. ಆತು ಅಂತ ನೋಡೂದೂ ನಾನೇ ಅಲ್ದಾ? ಬೇಡ ಹೇಳೂಕೆ ಇವ್ರಿಗೆ ಬಂತು. ನಂಗೆ ಅದು ಸಾಕು."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ಚೀಟಿ ಬರೆಯಲು ಕೂತರು. ಗೌರಕ್ಕ ಮತ್ತೆ ಬೆಂಚಿನಲ್ಲಿ ಕೂತು ನನ್ನ ಡಬ್ಬಿಯ ಕಡೆ ಕೈ ಚಾಚಿದರು.

"ಆ ಮಿಡಿ ಉಪ್ಪಿನಕಾಯಿ ಒಂದು ಕೊಡಿ ಸಿಸ್ಟರ್. ಆವತ್ತಿಂದು ಬಾಕಿ ಉಂಟು."

ಮುಚ್ಚಳದಲ್ಲಿ ಮೊಸರನ್ನ ಹಾಕಿ, ಪಕ್ಕದಲ್ಲಿ ಒಂದು ಮಿಡಿ ಇಟ್ಟು ಕೊಟ್ಟೆ. ಅವರು ಮಿಡಿಯನ್ನು ಕಣ್ಣಿಗೊತ್ತಿಕೊಂಡು ಕಚ್ಚಿದರು. ಕಣ್ಣಲ್ಲಿ ನೀರು ಬಂತು. ಹಾಗೇ ಸ್ವಲ್ಪ ಹೊತ್ತು ಅಗಿದರು.

"ಲಾಯಕ್ಕಿದ್ದು," ಎಂದರು. "ಉಪ್ಪು ಮಾತ್ರ ಚೂರು ಹೆಚ್ಚಾತು." ಹೇಳಿ, ಇನ್ನೊಂದು ಮಿಡಿ ತೆಗೆದುಕೊಂಡರು.